ಬದುಕಿರುವ ಶಾರ್ಕಿನ ಬೆಲೆ ಎಷ್ಟು?

ಸಮುದ್ರದ ಮೇಲ್ಮೈಯಿಂದ 15 ಮೀಟರ್ ಆಳದಲ್ಲಿ, ಒಂದು ಉಕ್ಕಿನ ಕೊಕ್ಕೆ ಹಾಗೂ ಎರಡು ಮೀಟರಿನಷ್ಟು ಹಗ್ಗವನ್ನು ನಂಬಿಕೊಂಡು ಗಾಳಿಪಟದಂತೆ ತೇಲುತ್ತಿರುವವನಿಗೆ ಅರ್ಥಶಾಸ್ತ್ರ ನೆನಪಾಗಬಾರದು. ನನಗೆ ನೆನಪಾಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳಲ್ಲಿ ವೆಚ್ಚ ಮತ್ತು ಪ್ರತಿಫಲಗಳನ್ನು ತೂಗಿದವನ ದುರಭ್ಯಾಸ ಅದು.

2019ರ ಫೆಬ್ರುವರಿಯಲ್ಲಿ ನಾನು ಹಾಗೆ ತೇಲುತ್ತಿದ್ದುದು ಪಶ್ಚಿಮ ಪೆಸಿಫಿಕ್‌ನ ಪಲಾವು ಎಂಬ ಪುಟ್ಟ ಗಣರಾಜ್ಯದಲ್ಲಿ. (ಹೆಸರು ಕೇಳಿ ಊಟದ ತಟ್ಟೆಯನ್ನು ನೆನೆದು ನಕ್ಕವರು ನಮ್ಮ ಮನೆಯಲ್ಲೇ ಇದ್ದರು.) ಸುಮಾರು 340 ದ್ವೀಪಗಳು, ಎಲ್ಲವೂ ಸೇರಿ 460 ಚದರ ಕಿ.ಮೀ. ನೆಲ, 18 ಸಾವಿರದಷ್ಟು ಜನ. 1994ರಲ್ಲಿ ಸ್ವತಂತ್ರವಾದ ಈ ದೇಶದ ಜನಸಂಖ್ಯೆ ನಮ್ಮ ಒಂದು ದೊಡ್ಡ ಹೋಬಳಿಯದಕ್ಕಿಂತ ಕಡಿಮೆ. ನಿವೃತ್ತಿಯ ಮರುವರ್ಷ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಸ್ಕೂಬಾ ಕಲಿತಿದ್ದೆ. ಉದ್ಯೋಗನಿಮಿತ್ತ ಮನಿಲಾದಲ್ಲಿದ್ದ ಮಗಳನ್ನು ನೋಡಲು ಹೋದಾಗ, ಅಲ್ಲಿಂದ ಪಲಾವಿಗೆ ನೇರ ವಿಮಾನವಿದೆಯೆಂದು ತಿಳಿಯಿತು. ಹೃದಯ, ಶ್ವಾಸಕೋಶಗಳ ತಪಾಸಣೆ ಮಾಡಿದ ವೈದ್ಯರು ಸಹಿ ಹಾಕಿದರು, ಸಂತೋಷದಿಂದೇನಲ್ಲ.

ದೇಶದ ನೈಋತ್ಯ ಭಾಗದಲ್ಲಿ ಹವಳದ ದಿಬ್ಬವೊಂದು ತ್ರಿಕೋನಾಕಾರದಲ್ಲಿ ತೆರೆದ ಸಾಗರದತ್ತ ಚಾಚಿಕೊಂಡಿದೆ. ‘ಬ್ಲೂ ಕಾರ್ನರ್’ ಎಂದು ಪ್ರಸಿದ್ಧವಾಗಿರುವುದು ಇದೇ. ದಿಬ್ಬದ ನೆತ್ತಿ ಸಮತಟ್ಟು, ಅಂಚಿನಾಚೆ ಕಡುನೀಲಿ ಪ್ರಪಾತ. ಉಬ್ಬರವಿಳಿತದ ನೀರು ಈ ಗೋಡೆಗೆ ಅಪ್ಪಳಿಸಿ ಮೇಲಕ್ಕೇರಿ ಅಂಚನ್ನು ದಾಟಿ ನುಗ್ಗುತ್ತದೆ. ಅದರೊಂದಿಗೆ ಬರುವ ಪ್ಲವಕಗಳನ್ನು ತಿನ್ನಲು ಸಣ್ಣ ಮೀನುಗಳು, ಅವನ್ನರಸಿ ಬರಾಕುಡಾದಂಥ ಬೇಟೆಮೀನುಗಳು, ಎಲ್ಲಕ್ಕೂ ಮೇಲೆ ಬೂದುಬಣ್ಣದ ಶಾರ್ಕ್‌ಗಳು. ಮನುಷ್ಯನ ಪಾಲಿಗೆ ಅಪಾಯಕಾರಿಯಾದ ಸೆಳವೇ ಇಡೀ ದಿಬ್ಬಕ್ಕೆ ಅನ್ನ ತರುವ ದಾರಿ. ಸೆಳವು ಸತ್ತ ವೇಳೆಯಲ್ಲಿ ಅಲ್ಲಿಗಿಳಿದವರು ನಿರಾಶರಾಗಿ ಮೇಲೇಳುತ್ತಾರೆಂದು ನಮ್ಮ ಮಾರ್ಗದರ್ಶಿ ಹೇಳಿದ.

ಆ ಸೆಳವಿನೆದುರು ಈಜಿ ನಿಲ್ಲುವುದು ಆಗದ ಮಾತು. ನಿಮಿಷಗಳಲ್ಲಿ ಉಸಿರು ಏರಿ, ಬೆನ್ನಿನ ಸಿಲಿಂಡರಿನ ಗಾಳಿ ಕರಗಿಹೋಗುತ್ತದೆ. 15 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡೂವರೆ ಪಟ್ಟು; ಪ್ರತಿ ಉಸಿರಿಗೂ ಅಷ್ಟೇ ಹೆಚ್ಚು ಗಾಳಿ ಖರ್ಚು. ಅಂಚಿನಲ್ಲಿ ಕೆಲವೊಮ್ಮೆ ನೀರು ಕೆಳಮುಖವಾಗಿಯೂ ಎಳೆಯುವುದುಂಟು. ಆದ್ದರಿಂದಲೇ ಕೊಕ್ಕೆ. ಅದನ್ನು ಬಂಡೆಯ ಸಂದಿಗೆ ಸಿಕ್ಕಿಸಿ, ಹಗ್ಗವನ್ನು ನಡುವಿನ ಪಟ್ಟಿಗೆ ಬಿಗಿದು, ಅಂಗಿಗೆ ತುಸು ಗಾಳಿ ತುಂಬಿದರೆ ದೇಹ ನೆಲದಿಂದ ಮೇಲೆದ್ದು ಸ್ಥಿರವಾಗುತ್ತದೆ. ನಿಯಮ ಒಂದೇ: ಕೊಕ್ಕೆ ಸತ್ತ ಬಂಡೆಗೆ ಬೀಳಬೇಕು, ಜೀವಂತ ಹವಳಕ್ಕೆ ಅಲ್ಲ.

ನಾನು ತಪ್ಪಿದ್ದು ಅಲ್ಲೇ. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದಕ್ಕೆ ಕೊಕ್ಕೆ ಹಾಕಿದೆ. ಹವಳದ ಒಂದು ಕೊಂಬೆ ಮುರಿದು ಮುಖದ ಪಕ್ಕದಿಂದಲೇ ತೇಲಿಹೋಯಿತು. ಮಾರ್ಗದರ್ಶಿ ಬಂದು, ಮಾತಿಲ್ಲದೆ ಕೊಕ್ಕೆ ಬಿಡಿಸಿ ಬೋಳು ಬಂಡೆಗೆ ಸಿಕ್ಕಿಸಿದ. ಹಿಂದಿನ ದಿನವಷ್ಟೇ ವಿಮಾನ ನಿಲ್ದಾಣದಲ್ಲಿ ನನ್ನ ಪಾಸ್‌ಪೋರ್ಟಿನ ಮೇಲೊಂದು ಮುದ್ರೆ ಒತ್ತಿ, ಅದರ ಕೆಳಗೆ ನನ್ನಿಂದ ಸಹಿ ಪಡೆದಿದ್ದರು. ದ್ವೀಪಕ್ಕೆ ಹಾನಿಯಾಗದಂತೆ ನಡೆದುಕೊಳ್ಳುತ್ತೇನೆಂದು ಪಲಾವಿನ ಮಕ್ಕಳಿಗೆ ಕೊಡುವ ವಚನ ಅದು. 2017ರ ಡಿಸೆಂಬರಿನಿಂದ ಜಾರಿಯಲ್ಲಿದೆ. ವೃತ್ತಿಜೀವನದಲ್ಲಿ ಎಷ್ಟೋ ಮುದ್ರೆಗಳನ್ನು ಒತ್ತಿಸಿದವನು ನಾನು. ಒಂದೇ ದಿನದಲ್ಲಿ ಮುರಿದದ್ದು ಇದೊಂದನ್ನೇ.

ಅನಂತರದ ಇಪ್ಪತ್ತು ನಿಮಿಷ ಶಾರ್ಕ್‌ಗಳನ್ನು ನೋಡುತ್ತ ತೇಲಿದೆ. ಹನ್ನೆರಡರವರೆಗೆ ಎಣಿಸಿ ಬಿಟ್ಟೆ. ಯಾವ ಸೆಳವಿನಲ್ಲಿ ನಾವು ಹಗ್ಗಕ್ಕೆ ಜೋತುಬಿದ್ದಿದ್ದೆವೋ, ಅದೇ ಸೆಳವಿನಲ್ಲಿ ಅವು ಬಾಲವನ್ನು ಅಲುಗಿಸಿಯೂ ಅಲುಗಿಸದಂತೆ ನಿಂತಿದ್ದವು. ನಮ್ಮಲ್ಲಿ ಅವಕ್ಕೆ ಆಸಕ್ತಿಯಿದ್ದಂತೆ ಕಾಣಲಿಲ್ಲ.

ಆಗ ನೆನಪಾದದ್ದು ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಲೆಕ್ಕಾಚಾರ. ಪಲಾವಿನ ಜನಪ್ರಿಯ ತಾಣಗಳಲ್ಲಿ ಮುಳುಗುಗಾರರಿಗೆ ಕಾಣಸಿಗುವ ನೂರರಷ್ಟು ಶಾರ್ಕ್‌ಗಳ ಪೈಕಿ ಒಂದೊಂದೂ ವರ್ಷಕ್ಕೆ 1.79 ಲಕ್ಷ ಡಾಲರ್, ಜೀವಮಾನದಲ್ಲಿ 19 ಲಕ್ಷ ಡಾಲರ್ ಮೌಲ್ಯದ್ದು. ಹಿಡಿದು ಮಾರಿದರೆ ಸಿಗುವುದು 108 ಡಾಲರ್. ಶಾರ್ಕ್ ನೋಡಲು ಬರುವವರಿಂದಲೇ ದೇಶದ ಒಟ್ಟು ಉತ್ಪನ್ನದ ಸುಮಾರು ಶೇ 8ರಷ್ಟು ವರಮಾನವೆಂಬುದು ಆ ವರದಿಯ ಅಂದಾಜು. ಸಂರಕ್ಷಣೆಯ ಪರವಾಗಿ ವಾದಿಸುವವರು ಜಗತ್ತಿನಾದ್ಯಂತ ಈ ಅಂಕಿಗಳನ್ನು ಉಲ್ಲೇಖಿಸುತ್ತ ಬಂದಿದ್ದಾರೆ. ಹಣಕಾಸಿನ ಮಂದಿಗೆ ಅರ್ಥವಾಗುವ ಭಾಷೆ ಅದು, ನಾನೂ ಅದನ್ನೇ ಆಡುತ್ತಿದ್ದವನು.

ಆದರೆ ಈ ವಾದಕ್ಕೊಂದು ಬಿರುಕಿದೆ. ಶಾರ್ಕಿನ ಬೆಲೆ ಪ್ರವಾಸಿಯ ಜೇಬಿನಿಂದ ಬರುವುದಾದರೆ, ಪ್ರವಾಸಿ ಬಾರದ ದಿನ ಅದರ ಬೆಲೆ 108 ಡಾಲರಿಗೇ ಇಳಿಯಬೇಕಲ್ಲವೆ? ಪಲಾವಿನಲ್ಲಿ ಇದು ಊಹೆಯ ಪ್ರಶ್ನೆಯಾಗಿ ಉಳಿಯಲಿಲ್ಲ. 2015ರಲ್ಲಿ 1.6 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು, ಅಂದರೆ ಜನಸಂಖ್ಯೆಯ ಎಂಟೊಂಬತ್ತು ಪಟ್ಟು. ಅರ್ಧಕ್ಕಿಂತ ಹೆಚ್ಚಿನವರು ಚೀನಾದವರು. ಪಲಾವು ತೈವಾನಿಗೆ ಮಾನ್ಯತೆ ನೀಡಿರುವುದರಿಂದ 2017ರಲ್ಲಿ ಚೀನಾ ಸರ್ಕಾರ ಪ್ರವಾಸಿ ತಂಡಗಳಿಗೆ ತಡೆಯೊಡ್ಡಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಕೋವಿಡ್ ಬಂದು ವಿಮಾನಗಳೇ ನಿಂತವು. 19 ಲಕ್ಷದ ಶಾರ್ಕ್ ಖರೀದಿದಾರರಿಲ್ಲದ ಸರಕಾಯಿತು.

ಹಾಗಾದರೂ ಶಾರ್ಕ್‌ಗಳಿಗೆ ಕೊಟ್ಟ ರಕ್ಷಣೆ ಹಿಂತೆಗೆಯಲ್ಪಡಲಿಲ್ಲ. ಕಾರಣ, ಅದು ನಿಂತಿದ್ದುದು ಆ ಲೆಕ್ಕಾಚಾರದ ಮೇಲಲ್ಲ. ಪಲಾವು ತನ್ನ ಇಡೀ ಕಡಲನ್ನು ಶಾರ್ಕ್‌ಗಳ ಅಭಯತಾಣವೆಂದು ವಿಶ್ವಸಂಸ್ಥೆಯಲ್ಲಿ ಘೋಷಿಸಿದ್ದು 2009ರಲ್ಲಿ, ವರದಿ ಬರುವುದಕ್ಕೂ ಎರಡು ವರ್ಷ ಮೊದಲು. ಅದಕ್ಕೂ ಹಿಂದೆ ‘ಬುಲ್’ ಎಂಬ ಸಂಪ್ರದಾಯವಿತ್ತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಊರಿನ ಹಿರಿಯರ ಮಂಡಳಿ ನಿರ್ದಿಷ್ಟ ದಿಬ್ಬಗಳಲ್ಲಿ ಮೀನುಗಾರಿಕೆಯನ್ನು ನಿಷೇಧಿಸುತ್ತಿತ್ತು. ನಮ್ಮ ಕೆಲವು ದೇವಸ್ಥಾನಗಳ ಹೊಳೆಗಳಲ್ಲಿ ಮೀನು ಹಿಡಿಯಬಾರದೆಂಬ ಕಟ್ಟಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2015ರಲ್ಲಿ ಅಧ್ಯಕ್ಷ ಟಾಮಿ ರೆಮೆಂಗೆಸಾವು ಅಂಕಿತ ಹಾಕಿದ ಕಾನೂನು ಈ ಪದ್ಧತಿಯನ್ನೇ ಆಧಾರವಾಗಿಟ್ಟುಕೊಂಡು, ದೇಶದ ಆರ್ಥಿಕ ವಲಯದ ಶೇ 80ರಷ್ಟು ಸಾಗರವನ್ನು, ಅಂದರೆ ಸುಮಾರು 5 ಲಕ್ಷ ಚ.ಕಿ.ಮೀ. ಪ್ರದೇಶವನ್ನು, ಮೀನುಗಾರಿಕೆಗೆ ಮುಚ್ಚಿತು. ಕಾವಲೂ ಕಠಿಣವೇ: ಅದೇ ವರ್ಷ ಕಳ್ಳತನದಿಂದ ಮೀನು ಹಿಡಿಯುತ್ತಿದ್ದ ನಾಲ್ಕು ವಿಯೆಟ್ನಾಂ ದೋಣಿಗಳನ್ನು ಹಿಡಿದು ಸುಟ್ಟುಹಾಕಿದರು.

ಈ ನಿಷೇಧ ಪೂರ್ಣವಾಗಿ ಜಾರಿಗೆ ಬಂದದ್ದು 2020ರ ಜನವರಿ 1ರಂದು. ಮೂರು ತಿಂಗಳೊಳಗೆ ಪ್ರವಾಸೋದ್ಯಮ ಕುಸಿಯಿತು. ಇಂಥ ಸಮಯದಲ್ಲಿ ಖಜಾನೆಯ ಅಧಿಕಾರಿಗಳು ಏನು ಬರೆಯುತ್ತಾರೆಂಬುದು ನನಗೆ ಗೊತ್ತು. ಮುಚ್ಚಿದ ಕಡಲಿನ ಒಂದು ಭಾಗವನ್ನು ಮತ್ತೆ ತೆರೆದು ಟ್ಯೂನಾ ಮೀನುಗಾರಿಕೆಯಿಂದ ವರಮಾನ ಪಡೆಯಬೇಕೆಂಬ ಮಾತು ಅನಂತರದ ವರ್ಷಗಳಲ್ಲಿ ಅಲ್ಲಿಯೂ ಎದ್ದಿತು. ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. ವಿಮಾನವೇ ಬಾರದ ದ್ವೀಪದಲ್ಲಿ ಶಾಲೆ, ಆಸ್ಪತ್ರೆ ನಡೆಸಬೇಕಾದವರ ಮಾತು ಅದು.

ಆದರೂ ಆ ಕಡತ ನನ್ನ ಮೇಜಿಗೆ ಬಂದಿದ್ದರೆ, ಪ್ರವಾಸಿಗರಿಂದ ವಿಮಾನದ ಟಿಕೆಟ್ಟಿನಲ್ಲೇ ವಸೂಲು ಮಾಡುವ 100 ಡಾಲರ್ ಪರಿಸರ ಶುಲ್ಕವನ್ನು ಏರಿಸಬಹುದೆಂದು ಬರೆಯುತ್ತಿದ್ದೆ. ನಾನು ಅದನ್ನು ಕೊಟ್ಟಿದ್ದೇನೆ, ಮುರಿದ ಹವಳವನ್ನು ನೆನೆದರೆ ಅದು ಕಡಿಮೆಯೇ. ನಿಷೇಧವನ್ನು ‘ಬುಲ್’ನ ಆಧಾರದ ಮೇಲೆ ಮುಂದುವರಿಸಬೇಕೆಂದು ಮೊದಲ ಪ್ಯಾರಾದಲ್ಲಿ ನಮೂದಿಸುತ್ತಿದ್ದೆ. 19 ಲಕ್ಷ ಡಾಲರಿನ ಲೆಕ್ಕವನ್ನು ಅನುಬಂಧದಲ್ಲಿ ಸೇರಿಸುತ್ತಿದ್ದೆ.