ವಿದ್ಯುತ್ ಶೀತಕ ಪಂಪ್

ವಿದ್ಯುತ್ ಶೀತಕ ಪಂಪ್ ಎಂಬುದು ವಾಹನದ ಎಂಜಿನ್ನಿನಲ್ಲಿ ಶೀತಕ ದ್ರವವನ್ನು ವಿದ್ಯುತ್ ಮೋಟಾರಿನ ಬಲದಿಂದ ಹರಿಸುವ ಸಾಧನ. ಇದನ್ನು ರೂಢಿಯಲ್ಲಿ ‘ವಾಟರ್ ಪಂಪ್’ ಎಂದು ಕರೆದರೂ ಇದರಲ್ಲಿ ಹರಿಯುವುದು ಸಾಮಾನ್ಯವಾಗಿ ನೀರು ಮತ್ತು ಗ್ಲೈಕಾಲ್‌ಗಳ ಮಿಶ್ರಣ.

ಹಿನ್ನೆಲೆ

ಸಾಂಪ್ರದಾಯಿಕ ಪಂಪನ್ನು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಹೀಗಾಗಿ ಪಂಪಿನ ವೇಗವು ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೇ ಹೊರತು ಅದರ ಉಷ್ಣತೆಯನ್ನಲ್ಲ. ತಣ್ಣಗಿರುವ ಎಂಜಿನ್ ಬೇಗ ಬಿಸಿಯಾಗಬೇಕಾದಾಗಲೂ ದ್ರವ ಹರಿಯುತ್ತಲೇ ಇರುತ್ತದೆ; ಇದರಿಂದ ಇಂಧನ ವ್ಯರ್ಥವಾಗುತ್ತದೆ. ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದೊಡನೆ ಪಂಪೂ ನಿಲ್ಲುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಪಂಪಿನಲ್ಲಿ ಬ್ರಷ್‌ರಹಿತ ಮೋಟಾರು, ಅದು ತಿರುಗಿಸುವ ಇಂಪೆಲ್ಲರ್ (ರೆಕ್ಕೆಚಕ್ರ) ಹಾಗೂ ವಿದ್ಯುನ್ಮಾನ ನಿಯಂತ್ರಕ ಇರುತ್ತವೆ. ಇಂಪೆಲ್ಲರಿನ ನಡುವೆ ಪ್ರವೇಶಿಸುವ ದ್ರವವನ್ನು ಕೇಂದ್ರಾಪಗಾಮಿ ಬಲವು ಅಂಚಿಗೆ ತಳ್ಳುತ್ತದೆ. ದ್ರವವು ಸಿಲಿಂಡರುಗಳ ಸುತ್ತಲಿನ ಶಾಖವನ್ನು ಹೀರಿ, ರೇಡಿಯೇಟರಿನಲ್ಲಿ ಅದನ್ನು ಗಾಳಿಗೆ ಬಿಟ್ಟು ಹಿಂದಿರುಗುತ್ತದೆ.

ಎಂಜಿನ್ ನಿಯಂತ್ರಣ ಘಟಕವು ಶೀತಕದ ಉಷ್ಣತೆ ಮತ್ತು ಎಂಜಿನ್ನಿನ ಮೇಲಿನ ಹೊರೆಯನ್ನು ಗಮನಿಸಿ ಪಂಪಿನ ವೇಗವನ್ನು ನಿರ್ಧರಿಸುತ್ತದೆ. ಎಂಜಿನ್ ತಣ್ಣಗಿರುವಾಗ ಪಂಪ್ ನಿಧಾನವಾಗಿ ತಿರುಗುತ್ತದೆ ಅಥವಾ ನಿಂತಿರುತ್ತದೆ. ಏರುದಾರಿಯಲ್ಲಿ ಹೊರೆ ಹೆಚ್ಚಿದಾಗ ಎಂಜಿನ್ನಿನ ವೇಗ ಕಡಿಮೆಯಿದ್ದರೂ ಪಂಪ್ ವೇಗವಾಗಿ ತಿರುಗಬಲ್ಲದು. ಎಂಜಿನ್ ನಿಂತ ಬಳಿಕವೂ ಕೆಲಕಾಲ ದ್ರವವನ್ನು ಹರಿಸಿ, ಟರ್ಬೋಚಾರ್ಜರಿನಂತಹ ಬಿಸಿ ಭಾಗಗಳನ್ನು ತಣಿಸಬಲ್ಲದು.

ಬಳಕೆ

ಬಿಎಂಡಬ್ಲ್ಯು ಸಂಸ್ಥೆಯು 2004ರಲ್ಲಿ ಪರಿಚಯಿಸಿದ ಎನ್52 ಎಂಜಿನ್ನಿನಲ್ಲಿ ಸುಮಾರು 200 ವ್ಯಾಟ್ ಸಾಮರ್ಥ್ಯದ ಇಂತಹ ಪಂಪನ್ನು ಅಳವಡಿಸಲಾಗಿತ್ತು. 2009ರ ಮೂರನೇ ಪೀಳಿಗೆಯ ಟೊಯೋಟಾ ಪ್ರಿಯಸ್ ಕಾರಿನ ಎಂಜಿನ್ನಿನಲ್ಲಿ ಉಪಸಾಧನಗಳನ್ನು ನಡೆಸುವ ಬೆಲ್ಟನ್ನೇ ಕೈಬಿಡಲಾಯಿತು. ಹೈಬ್ರಿಡ್ ಕಾರುಗಳಲ್ಲಿ ಸಂಚಾರದ ನಡುವೆಯೇ ಎಂಜಿನ್ ಆಗಾಗ ನಿಲ್ಲುವುದರಿಂದ ಈ ವ್ಯವಸ್ಥೆ ಹೆಚ್ಚು ಉಪಯುಕ್ತ. ಕರ್ನಾಟಕದ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಜೋಡಿಸಲಾದ ಕ್ಯಾಮ್ರಿ ಹೈಬ್ರಿಡ್ ಕಾರಿನ ಎಂಜಿನ್ನಿನಲ್ಲಿಯೂ ವಿದ್ಯುತ್ ಪಂಪ್ ಇತ್ತು. ವಿದ್ಯುತ್ ಕಾರುಗಳಲ್ಲಿ ಎಂಜಿನ್ ಇಲ್ಲದಿದ್ದರೂ ಬ್ಯಾಟರಿ, ಮೋಟಾರು ಮತ್ತು ಇನ್ವರ್ಟರುಗಳನ್ನು ತಣಿಸಲು ಇದೇ ಬಗೆಯ ಪಂಪುಗಳು ಬಳಕೆಯಲ್ಲಿವೆ.

ಮಿತಿಗಳು ಮತ್ತು ಸುರಕ್ಷತೆ

ಬೆಲ್ಟ್ ಚಾಲಿತ ಪಂಪ್ ಕೆಡುವ ಮುನ್ನ ಹಲವೊಮ್ಮೆ ಸದ್ದು ಅಥವಾ ಸೋರಿಕೆಯ ಮೂಲಕ ಸೂಚನೆ ಸಿಗುತ್ತದೆ. ವಿದ್ಯುತ್ ಪಂಪ್ ನಿಯಂತ್ರಕದ ದೋಷದಿಂದ ಹಠಾತ್ತನೆ ನಿಲ್ಲಬಹುದು. ಉಷ್ಣತೆಯ ಕೆಂಪು ದೀಪ ಬೆಳಗಿದಾಗ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಎಂಜಿನ್ನನ್ನು ಆರಿಸದಿದ್ದರೆ ಸಿಲಿಂಡರ್ ಹೆಡ್ ಬಾಗುವ ಅಪಾಯವಿದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಸುಟ್ಟಗಾಯಗಳಾಗುತ್ತವೆ.

ಅನೇಕ ಪಂಪುಗಳಲ್ಲಿ ಬೇರಿಂಗಿಗೆ ಶೀತಕವೇ ಜಾರುಕ ದ್ರವವೂ ಆಗಿರುವುದರಿಂದ ದ್ರವವಿಲ್ಲದೆ ಪಂಪನ್ನು ಓಡಿಸಬಾರದು. ಶೀತಕವನ್ನು ಬದಲಾಯಿಸಿದ ನಂತರ, ತಯಾರಕರು ಸೂಚಿಸಿದ ಕ್ರಮದಲ್ಲಿ ಕೊಳವೆಗಳೊಳಗಿನ ಗಾಳಿಯನ್ನು ಹೊರಹಾಕುವುದು ಅಗತ್ಯ.