ತಟ್ಟೆ ಬೇರೆ ಮಾಡಬೇಡಿ, ಕಿಟಕಿ ತೆರೆಯಿರಿ



ಪ್ರತಿ ವರ್ಷ ಜನವರಿ 16ರಂದು ನಾವು ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತೇವೆ. ಗೋವಾದಲ್ಲಿ ಹುಟ್ಟಿದ ಈ ಗುರುಗಳು 1681ರಲ್ಲಿ ನಮ್ಮ ಕೆನರಾ ಸೀಮೆಗೆ ಬಂದು ಸುಮಾರು ಮೂರು ವರ್ಷ ಸೇವೆ ಮಾಡಿದರು. ಮುಂದೆ ಶ್ರೀಲಂಕೆಗೆ ಹೋದರು. 1697ರಲ್ಲಿ ಅಲ್ಲಿನ ಕ್ಯಾಂಡಿ ನಗರದಲ್ಲಿ ಸಿಡುಬು ಹಬ್ಬಿದಾಗ ಅರಸನೂ ಸಿರಿವಂತರೂ ಊರು ಬಿಟ್ಟರು. ರೋಗ ತಗುಲಿದವರನ್ನು ಮನೆಯವರೇ ಕೈಬಿಟ್ಟರು. ಆದರೆ ಫಾದರ್ ವಾಜರು ಅಲ್ಲೇ ನಿಂತು ರೋಗಿಗಳ ಶುಶ್ರೂಷೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಇದನ್ನು ಕೇಳಿದಾಗ, ‘ಅದು ಹಳೆಯ ಕಾಲ, ಈಗ ಯಾರೂ ಮನೆಯವರನ್ನು ಹಾಗೆ ಕೈಬಿಡುವುದಿಲ್ಲ’ ಎಂದುಕೊಳ್ಳುತ್ತೇವೆ. ನಿಜವೇ? ಒಂದೇ ಸೂರಿನ ಕೆಳಗೆ ಇಟ್ಟುಕೊಂಡೂ ಒಬ್ಬರನ್ನು ಹೊರಗೆ ಹಾಕಬಹುದು.

ಕೆಂಪು ನೂಲಿನ ಲೋಟ

ಒಂದು ಮಳೆಗಾಲದಲ್ಲಿ ಕಾರವಾರದ ಕಡೆಯ ಒಂದು ಮನೆಗೆ ಭೇಟಿ ಕೊಟ್ಟಿದ್ದೆವು. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಗೋವಾದಲ್ಲಿ ಕೆಲಸಕ್ಕಿದ್ದ ಮಗ ಕೆಮ್ಮು, ಜ್ವರ ಹಿಡಿದು ಊರಿಗೆ ಮರಳಿದ್ದ. ಕಫ ಪರೀಕ್ಷೆಯಲ್ಲಿ ಕ್ಷಯರೋಗ, ಅಂದರೆ ಟಿ.ಬಿ., ಎಂದು ಗೊತ್ತಾಗಿ ವಾರವಾಗಿತ್ತು. ಅವನ ತಟ್ಟೆ ಬೇರೆ, ಲೋಟ ಬೇರೆ. ಗುರುತಿಗೆಂದು ಲೋಟಕ್ಕೆ ಕೆಂಪು ನೂಲು ಕಟ್ಟಿದ್ದರು. ಆದರೆ ಇರಿಚಲು ಹೊಡೆಯುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ರಾತ್ರಿ ಅಣ್ಣನ ಮೂರು ವರ್ಷದ ಮಗುವೂ ಸೇರಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

“ಫಾದರ್, ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ, ಯಾರಿಗೂ ಹೇಳಬೇಡಿ” ಎಂದು ತಾಯಿ ಕಣ್ಣೀರು ಹಾಕಿದರು. ಮಗ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಅವರು ಚಹಾ ತಂದಾಗ, ಕುಡಿಯಲೋ ಬೇಡವೋ ಎಂದು ನಾವೂ ಒಂದು ಗಳಿಗೆ ಹಿಂಜರಿದೆವು. ತಾಯಿ ಅದನ್ನು ಗಮನಿಸಿದರು. ಆ ನೋಟವನ್ನು ನಾವು ಮರೆತಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ರೋಗ ಹರಡುವುದು ಹೇಗೆ?

ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುವ ರೋಗ. ರೋಗಿ ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತನಾಡಿದಾಗ, ಹಾಡಿದಾಗ ರೋಗಾಣು ತುಂಬಿದ ಅತಿ ಸಣ್ಣ ಹನಿಗಳು ಹೊರಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಕಿಟಕಿ ತೆರೆದರೆ ಗಾಳಿ ಅವನ್ನು ಚದುರಿಸಿ ಹೊರಗೆ ಒಯ್ಯುತ್ತದೆ. ಬಿಸಿಲು ರೋಗಾಣುವನ್ನು ಕೊಲ್ಲುತ್ತದೆ.

ತಟ್ಟೆ, ಲೋಟ, ಬಟ್ಟೆ, ಹಾಸಿಗೆ, ಕೈಕುಲುಕುವುದು, ಶೌಚಾಲಯ ಇವುಗಳಿಂದ ಈ ರೋಗ ಹರಡುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಎರಡು ತಪ್ಪುಗಳು ನಡೆದಿದ್ದವು. ಕೆಂಪು ನೂಲು ಯಾರನ್ನೂ ಕಾಯಲಿಲ್ಲ, ಮಗನ ಮನಸ್ಸನ್ನು ಮಾತ್ರ ನೋಯಿಸಿತು. ನಿಜವಾಗಿ ಕಾಯಬೇಕಾಗಿದ್ದ ಕಿಟಕಿ ಮುಚ್ಚಿಯೇ ಇತ್ತು.

ಮನೆಯಲ್ಲೇ ಚಿಕಿತ್ಸೆ ಕೊಡಬಹುದೇ?

ಹಿಂದೆ ಕ್ಷಯರೋಗಿಗಳನ್ನು ದೂರದ ಸ್ಯಾನಟೋರಿಯಂಗಳಿಗೆ ಕಳುಹಿಸುತ್ತಿದ್ದರು. ಮನೆಯಲ್ಲಿಟ್ಟುಕೊಂಡರೆ ಉಳಿದವರ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. 1956ರಲ್ಲಿ ಅಂದಿನ ಮದರಾಸಿನಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಕೆಲವು ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಅವರವರ ಮನೆಯಲ್ಲಿ ಒಂದೇ ಔಷಧಿ ಕೊಟ್ಟರು. ಅವು ಬಡವರ ಇಕ್ಕಟ್ಟಾದ ಮನೆಗಳು. ಆದರೂ 1959ರಲ್ಲಿ ಫಲಿತಾಂಶ ಪ್ರಕಟವಾದಾಗ, ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ತಗುಲಿರಲಿಲ್ಲ.

ಕಾರಣ ಸರಳ. ಹೆಚ್ಚಿನ ಅಪಾಯ ಇರುವುದು ಗುಳಿಗೆ ಶುರುವಾಗುವ ಮೊದಲು, ರೋಗ ಯಾವುದೆಂದು ತಿಳಿಯದೆ ಕೆಮ್ಮುತ್ತಿದ್ದ ದಿನಗಳಲ್ಲಿ. ಸರಿಯಾದ ಗುಳಿಗೆ ಹೊಟ್ಟೆಗೆ ಹೋಗತೊಡಗಿದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ರೋಗ ಹರಡುವ ಶಕ್ತಿ ಬಹಳ ತಗ್ಗುತ್ತದೆ. ಅಂದರೆ ಮನೆಯವರ ಮೊದಲ ರಕ್ಷಣೆ ರೋಗಿಯ ಗುಳಿಗೆಯೇ.

ಮನೆಯವರು ಮಾಡಬೇಕಾದದ್ದು

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ - ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಅಂಕೋಲಾದ ತಾಲೂಕು ಆಸ್ಪತ್ರೆಗೋ, ಕಾರವಾರದ ಕ್ರಿಮ್ಸ್‌ಗೋ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ದಿನವೂ ಗುಳಿಗೆ ನುಂಗಬೇಕು. ಎರಡು ತಿಂಗಳಾಗುವ ಹೊತ್ತಿಗೆ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ‘ಗುಣವಾಯಿತು’ ಎಂದು ಬಿಟ್ಟುಬಿಡುವುದು ಆಗಲೇ. ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಅಂಥ ರೋಗ ಮನೆಯವರಿಗೂ ಅದೇ ರೂಪದಲ್ಲಿ ಹರಡುತ್ತದೆ. ಗುಳಿಗೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಕಣ್ಣು ಹಳದಿಯಾದರೆ ಅಥವಾ ವಾಂತಿ ನಿಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಮೊದಲ ವಾರಗಳಲ್ಲಿ, ವೈದ್ಯರು ಸಾಕೆನ್ನುವವರೆಗೆ, ರೋಗಿ ಬೇರೆ ಕೋಣೆಯಲ್ಲಿ ಮಲಗಲಿ. ಬೇರೆ ಕೋಣೆ ಇಲ್ಲದಿದ್ದರೆ ಜಗಲಿಯಲ್ಲಿ ಅಥವಾ ಕಿಟಕಿಯ ಪಕ್ಕದಲ್ಲಿ ಮಲಗಬಹುದು. ಮಳೆಗಾಲದಲ್ಲೂ ಇರಿಚಲು ಹೊಡೆಯದ ಕಡೆಯ ಕಿಟಕಿಯಾದರೂ ತೆರೆದಿರಲಿ. ಫ್ಯಾನಿನ ಗಾಳಿ ರೋಗಿಯ ಕಡೆಯಿಂದ ಹೊರಗೆ ಹೋಗುವಂತಿರಲಿ, ಒಳಗಿದ್ದವರ ಮೇಲೆ ಬೀಸದಿರಲಿ. ಒಳಗೆ ಎಲ್ಲರ ಜೊತೆ ಇರುವಾಗ ರೋಗಿ ಮಾಸ್ಕ್ ಧರಿಸಲಿ. ಕಫವನ್ನು ಅಂಗಳದಲ್ಲಿ ಉಗುಳದೆ ಮುಚ್ಚಳವಿರುವ ಡಬ್ಬಿಯಲ್ಲಿ ಹಿಡಿದು, ಆರೋಗ್ಯ ಕಾರ್ಯಕರ್ತೆ ಹೇಳಿದಂತೆ ವಿಲೇವಾರಿ ಮಾಡಿರಿ.

ನಾವು ಮರೆಯುವ ಮುಖ್ಯ ಮಾತು ಇನ್ನೊಂದಿದೆ. ರೋಗಿಯ ಜೊತೆ ವಾಸಿಸಿದ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಐದು ವರ್ಷದೊಳಗಿನ ಮಕ್ಕಳಂತೂ ಮೊದಲು. ಹುಟ್ಟಿದಾಗ ಹಾಕಿಸಿದ ಬಿ.ಸಿ.ಜಿ. ಲಸಿಕೆ ಮಕ್ಕಳನ್ನು ಮಿದುಳಿನ ಕ್ಷಯದಂಥ ಗಂಭೀರ ರೂಪಗಳಿಂದ ಬಹುಮಟ್ಟಿಗೆ ಕಾಯುತ್ತದೆ. ಪೂರ್ತಿ ರಕ್ಷಣೆ ಕೊಡುವುದಿಲ್ಲ. ರೋಗವಿಲ್ಲವೆಂದು ಖಚಿತವಾದವರಿಗೆ, ಮುಂದೆ ಬಾರದಂತೆ ತಡೆಯುವ ಗುಳಿಗೆಯೂ ಉಚಿತವಾಗಿ ಸಿಗುತ್ತದೆ. ರೋಗಿಯು ಹಾಲುಣಿಸುವ ತಾಯಿಯಾಗಿದ್ದರೆ ಮಗುವನ್ನು ಎದೆಯಿಂದ ಬಿಡಿಸುವುದು ಬೇಡ. ಚಿಕಿತ್ಸೆ ಪಡೆಯುತ್ತ, ಮಾಸ್ಕ್ ಧರಿಸಿ ಹಾಲುಣಿಸಬಹುದು.

ಊಟವೂ ರಕ್ಷಣೆ

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಝಾರ್ಖಂಡದಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಕ್ಷಯರೋಗಿಗಳ ಮನೆಯ 10,345 ಮಂದಿಯನ್ನು ಗಮನಿಸಿದರು. ರೋಗಿಗೆ ಮಾತ್ರವಲ್ಲ, ಮನೆಯ ಪ್ರತಿ ವಯಸ್ಕರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ವಿಟಮಿನ್ ಗುಳಿಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು.

ನಮ್ಮ ಕರಾವಳಿಯಲ್ಲಿ ಇದಕ್ಕೆ ದುಬಾರಿ ಟಾನಿಕ್ ಬೇಕಿಲ್ಲ. ಗಂಜಿಯ ಜೊತೆ ಬಂಗಡೆಯೋ ತಾರ್ಲೆಯೋ, ಮೊಟ್ಟೆ, ಬೇಳೆ, ಶೇಂಗಾ, ನುಗ್ಗೆಸೊಪ್ಪು ಸಾಕು. ಆದರೆ ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಹಳ ಮನೆಗಳಲ್ಲಿ ಸಂಪಾದನೆಯೂ ಇಲ್ಲ, ತಟ್ಟೆಯಲ್ಲಿ ಮೀನೂ ಇಲ್ಲ. ಅಂಥ ಮನೆಯಲ್ಲಿ ರೋಗಿಯಿದ್ದರೆ ಕಷ್ಟ ಇಮ್ಮಡಿ. ಸರ್ಕಾರ ರೋಗಿಯ ಪೌಷ್ಟಿಕ ಆಹಾರಕ್ಕೆ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿದೆ. ಅದು ಬ್ಯಾಂಕ್ ಖಾತೆಗೆ ಬರುತ್ತದೆ. ಉಳಿದದ್ದಕ್ಕೆ ನೆರೆಹೊರೆಯ ನಾವಿದ್ದೇವೆ. ವಿನ್ಸೆಂಟ್ ದಿ ಪಾವ್ಲ್ ಸಭೆಯವರೂ ಮಹಿಳಾ ಸಂಘದವರೂ ಸದ್ದಿಲ್ಲದೆ ಒಂದು ಚೀಲ ಅಕ್ಕಿಬೇಳೆ ಮುಟ್ಟಿಸಿದರೆ ಅದೂ ಔಷಧಿಯೇ.

ಗುಟ್ಟು ಮತ್ತು ಗೌರವ

ರೋಗಿಯ ಸುದ್ದಿಯನ್ನು ಬೀದಿಗೆ ತರುವುದು ಪಾಪ. ಆದರೆ ನಾಚಿಕೆಯಿಂದ ರೋಗವನ್ನೇ ಮುಚ್ಚಿಟ್ಟರೆ ತೊಟ್ಟಿಲಲ್ಲಿರುವ ಕೂಸಿಗೂ ಅಪಾಯ. ವೈದ್ಯರಿಗೆ, ಆಶಾ ಕಾರ್ಯಕರ್ತೆಗೆ, ಜೊತೆಗೆ ವಾಸಿಸುವವರಿಗೆ ತಿಳಿಸಲೇಬೇಕು. ಊರಿಗೆಲ್ಲ ತಿಳಿಸಬೇಕಾಗಿಲ್ಲ. ಮೊದಲ ಕೆಲವು ವಾರ ರೋಗಿ ಬಲಿಪೂಜೆಗೆ ಬರದೆ, ಗಾಯನ ವೃಂದದಲ್ಲಿ ಹಾಡದೆ ಇರಲಿ. ಕರೆ ಕಳುಹಿಸಿದರೆ ನಾವೇ ಪರಮಪ್ರಸಾದವನ್ನು ಮನೆಗೆ ತರುತ್ತೇವೆ. ಕಫ ಪರೀಕ್ಷೆ ಸರಿಯಾಗಿ ಬಂದು ವೈದ್ಯರು ಒಪ್ಪಿದ ಮೇಲೆ ಅವರನ್ನು ದೂರವಿಡಲು ಯಾರಿಗೂ ಕಾರಣವಿಲ್ಲ. ಮದುವೆಯ ಸಂಬಂಧ ನೋಡುವವರಿಗೂ ಇಲ್ಲ.

ಆ ಮನೆಯ ಮಗ ಆರು ತಿಂಗಳ ಗುಳಿಗೆ ಮುಗಿಸಿದ. ಮಗುವಿಗೆ ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ, ತಡೆ ಗುಳಿಗೆ ಕೊಡಿಸಿದರು. ತಂಗಿಗೆ ಬಂದಿದ್ದ ಸಂಬಂಧ ಮಾತ್ರ, ಯಾರೋ ಹೇಳಿದ ಮಾತಿನಿಂದ, ಮುರಿದುಬಿತ್ತು. ಆ ‘ಯಾರೋ’ ನಮ್ಮವರೇ ಇರಬೇಕು. ಈ ಹಬ್ಬದಲ್ಲಿ ಅದಕ್ಕಾಗಿ ನಾವೆಲ್ಲರೂ ಕ್ಷಮೆ ಕೇಳಬೇಕಾಗಿದೆ.

ಎರಡನೆಯ ಸಲ ಹೋದಾಗ ತಾಯಿ ಚಹಾ ತಂದರು. ಯಾವ ಲೋಟಕ್ಕೂ ನೂಲಿರಲಿಲ್ಲ. ಕಿಟಕಿ ತೆರೆದಿತ್ತು. ನಾವು ಕುಡಿದೆವು.

ಸಂತ ಜೋಸೆಫ್ ವಾಜರ ಕೈಯಲ್ಲಿ ಸಿಡುಬಿಗೆ ಮದ್ದಿರಲಿಲ್ಲ, ಪ್ರೀತಿ ಮಾತ್ರ ಇತ್ತು. ನಮ್ಮ ಕೈಯಲ್ಲಿ ಮದ್ದೂ ಇದೆ. ಪ್ರೀತಿಯನ್ನೂ ಕೊಡೆಂದು ಪ್ರಭುವನ್ನು ಬೇಡೋಣ. ಆಮೆನ್.