ಸೀತಿ ಬೆಟ್ಟದ ಕಥೆ ಈಗ ಯಾರ ಬಳಿ ಇದೆ?

ಕ್ಯಾಲನೂರು ಎಂಬ ಹಳ್ಳಿ ಇರುವ ಕೋಲಾರ ತಾಲ್ಲೂಕಿನಲ್ಲೇ ಸೀತಿ ಬೆಟ್ಟವೂ ಇದೆ. ಭೈರವನ ಗುಡಿಯಿರುವ ಆ ಬೆಟ್ಟಕ್ಕೆ ಒಂದು ಐತಿಹ್ಯವಿದೆ. ಭಸ್ಮಾಸುರನಿಗೆ ವರ ಕೊಟ್ಟ ಶಿವ ಅವನಿಗೇ ಹೆದರಿ ಓಡಿ ಬಂದು ಅಡಗಿಕೊಂಡನಂತೆ. ಹೊಲ ಉಳುತ್ತಿದ್ದ ಮೊರಸು ಒಕ್ಕಲಿನ ರೈತನನ್ನು ಅಸುರ ಗದರಿಸಿ ಕೇಳಿದಾಗ, ಅವನು ಬಾಯಿ ಬಿಡದೆ ಬೆರಳು ಮಾಡಿ ಜಾಗ ತೋರಿಸಿದನಂತೆ. ಮೋಹಿನಿಯ ಮಾಯೆಯಿಂದ ಅಸುರ ಬೂದಿಯಾದ ಮೇಲೆ ಶಿವ ಆ ಬೆರಳನ್ನು ಕೇಳಿದ. ಗಂಡನಿಗೆ ಬುತ್ತಿ ತಂದಿದ್ದ ಹೆಂಡತಿ, ಉಳುವವನ ಬೆರಳು ಹೋದರೆ ಮನೆ ನಡೆಯುವುದು ಹೇಗೆಂದು ಬೇಡಿಕೊಂಡು ತನ್ನ ಎರಡು ಬೆರಳುಗಳನ್ನು ಒಪ್ಪಿಸಿದಳು. ಈ ಸಮುದಾಯದ ಒಂದು ಪಂಗಡದಲ್ಲಿ ಹಿರಿಯ ಮಗಳ ಕಿವಿ ಚುಚ್ಚುವ ಮುನ್ನ ತಾಯಿ ತನ್ನ ಬೆರಳ ತುದಿ ಕೊಡುವ ಪದ್ಧತಿ ಬಹುಕಾಲ ಇತ್ತು. ಮುಂದೆ ಮೈಸೂರಿನ ಆಡಳಿತ ಅದನ್ನು ನಿಷೇಧಿಸಿತು. ಬೆರಳಿನ ಬದಲು ಚಿನ್ನ ಬೆಳ್ಳಿಯ ಚೂರು ಅಥವಾ ಹೂವು ಅರ್ಪಿಸುವ ರೂಢಿ ಬಂತು.

ಮಾನವಶಾಸ್ತ್ರದ ಇತಿಹಾಸದಲ್ಲಿ ಕೋಲಾರ ಸೀಮೆಯ ಈ ಪದ್ಧತಿಯಷ್ಟು ಸಲ ಬರೆಸಿಕೊಂಡ ಸಂಗತಿಗಳು ಕಡಿಮೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದ. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದ. 1886ರಲ್ಲಿ ಹುಟ್ಟಿದ ಬಾಂಬೆಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಫ್ರೆಡ್ ಫಾಸೆಟ್ ಇದಕ್ಕೆಂದೇ ಒಂದು ಪ್ರಬಂಧ ಬರೆದ. ಬಿ.ಎಲ್. ರೈಸ್ ಅವರ ಗ್ಯಾಸೆಟಿಯರ್‌ನಲ್ಲಿ ಇದು ಬಂತು, 1909ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರ ಗ್ರಂಥದಲ್ಲೂ ಬಂತು. ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯನ್ನು ಕೈಗೊಂಡ ಎಚ್.ವಿ. ನಂಜುಂಡಯ್ಯನವರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು, ಮೊರಸು ಒಕ್ಕಲಿನ ಬಗ್ಗೆ ಪ್ರತ್ಯೇಕ ಪುಸ್ತಿಕೆ ತಂದರು. ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಸಮೀಕ್ಷೆಯನ್ನು ಮುಂದುವರಿಸಿ 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಮುಗಿಸಿದರು.

ಈ ಪುಸ್ತಕಗಳಲ್ಲಿ ಹೆಚ್ಚಿನವು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಕ್ಯಾಲನೂರಿನ ಹೈಸ್ಕೂಲ್ ಹುಡುಗಿ ತನ್ನ ಫೋನಿನಲ್ಲಿ ಅವುಗಳನ್ನು ತೆರೆಯಬಹುದು. ಮೂವತ್ತು ವರ್ಷಗಳ ಹಿಂದೆ ಇದಕ್ಕಾಗಿ ಬೆಂಗಳೂರಿಗೋ ಮೈಸೂರಿಗೋ ಹೋಗಿ ಗ್ರಂಥಾಲಯದವರ ಅನುಮತಿ ಪಡೆಯಬೇಕಿತ್ತು. ಡಿಜಿಟಲ್ ಯುಗ ಕೊಟ್ಟ ಈ ಸೌಲಭ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಹುಡುಗಿಗೆ ಸಿಗುವುದೇನು? ಎಲ್ಲವೂ ಇಂಗ್ಲಿಷ್ ಗದ್ಯ, ಬಹುಪಾಲು ಹೊರಗಿನಿಂದ ಬಂದು ಹೋದವರ ಬರಹ. ಒಂದೇ ಸಮುದಾಯದ ಹೆಸರನ್ನು ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದಿದ್ದಾರೆ, ಹಾಗಾಗಿ ಒಂದು ಹೆಸರು ಹಾಕಿ ಹುಡುಕಿದರೆ ಇನ್ನೊಬ್ಬರ ಪುಸ್ತಕ ಸಿಗುವುದಿಲ್ಲ. ಮುಖ್ಯವಾಗಿ, ಈ ಕಥೆಯನ್ನು ಕೋಲಾರದ ಅಜ್ಜಿಯರು ತಮ್ಮ ಕನ್ನಡದಲ್ಲಿ, ತೆಲುಗಿನಲ್ಲಿ ಹೇಗೆ ಹೇಳಿಕೊಂಡು ಬಂದರು ಎಂಬುದು ಆ ಪುಟಗಳಲ್ಲಿಲ್ಲ.

ಆ ದನಿಗಳನ್ನು ಹಿಡಿಯುವ ಕೆಲಸ ಕನ್ನಡಿಗರಿಂದಲೇ ನಡೆದಿದೆ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ತಲೆಮಾರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿಗಳನ್ನು ಸುತ್ತಿತು. ಅವರ ಹಿಂದೆ ಜಾನಪದ ಎಂ.ಎ. ವಿದ್ಯಾರ್ಥಿಗಳು, ಹಳ್ಳಿ ಶಾಲೆಯ ಮೇಷ್ಟ್ರುಗಳು ಹೋದರು. ಪುಸ್ತಕವಾದದ್ದು ಅದರಲ್ಲಿ ಒಂದು ಪಾಲು ಮಾತ್ರ. ಮಿಕ್ಕ ಕ್ಯಾಸೆಟ್ಟು, ನೋಟ್‌ಬುಕ್ಕುಗಳು ಮನೆಮನೆಯ ಬೀರುಗಳಲ್ಲಿವೆ. ಹೊರಗಿನವರು ಇನ್ನೂರು ವರ್ಷದ ಹಿಂದೆ ಬರೆದದ್ದು ಜಗತ್ತಿನ ಮೂಲೆಮೂಲೆಗೂ ಸಿಗುತ್ತದೆ, ಒಳಗಿನವರ ದನಿ ನಲವತ್ತು ವರ್ಷಕ್ಕೇ ಅಳಿಸಿಹೋಗುತ್ತಿದೆ. ನಮ್ಮ ಕಾಲದ ಮಾನವಶಾಸ್ತ್ರ ಮೊದಲು ಸರಿಪಡಿಸಬೇಕಾದ ಅನ್ಯಾಯ ಇದು.

ಕ್ಯಾಸೆಟ್ಟು ಏಕೆ ಕೆಡುತ್ತದೆ? ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಒಂದು ಅಂಟಿನಲ್ಲಿ ಕೂರಿಸಿರುತ್ತಾರೆ. ದನಿಯ ಏರಿಳಿತ ಆ ಕಣಗಳ ಕಾಂತೀಯ ದಿಕ್ಕಿನಲ್ಲಿ ದಾಖಲಾಗುತ್ತದೆ. ಗಾಳಿಯ ತೇವ ಕುಡಿದ ಅಂಟು ನಿಧಾನವಾಗಿ ಒಡೆದು ಜಿಗುಟಾಗುತ್ತದೆ. ಅಂಥ ಟೇಪನ್ನು ಓಡಿಸಿದರೆ ಕಣಗಳು ಕಿತ್ತು ಯಂತ್ರದ ಹೆಡ್ಡಿಗೆ ಮೆತ್ತಿಕೊಳ್ಳುತ್ತವೆ, ಹಾಡು ಅಲ್ಲಿಗೆ ಮುಗಿಯಿತು. ಬೂಷ್ಟು ಹಿಡಿದರೂ ಅದೇ ಗತಿ. ಟೇಪು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ, ಅದರ ಬಿಡಿಭಾಗ, ರಿಪೇರಿ ಬಲ್ಲವರು ಮರೆಯಾಗುತ್ತಿದ್ದಾರೆ. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಈ ಬಗ್ಗೆ ಎಚ್ಚರಿಕೆಯ ಗಂಟೆ ಬಾರಿಸಿದವು. ತಜ್ಞರು ಅಂದಾಜಿಸಿದ್ದ ಗಡುವು 2025ರ ಆಸುಪಾಸು. ನಾವು ಆ ಗಡುವನ್ನು ತಲುಪಿಬಿಟ್ಟಿದ್ದೇವೆ.

ಡಿಜಿಟಲ್ ಮಾಡುವುದೆಂದರೆ ಕ್ಯಾಸೆಟ್ ಪ್ಲೇಯರ್ ಮುಂದೆ ಫೋನ್ ಹಿಡಿದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಲ್ಲ. ಹಾಗೆ ಮಾಡಿದಾಗ ಫೈಲು ಚಿಕ್ಕದಾಗಲೆಂದು ತಂತ್ರಾಂಶ ದನಿಯ ಸೂಕ್ಷ್ಮಗಳನ್ನು ಕತ್ತರಿಸಿ ಎಸೆಯುತ್ತದೆ. ಎಸೆದದ್ದು ಮತ್ತೆ ಸಿಗದು. ಸಂಗ್ರಹಾಲಯಗಳು ಒಪ್ಪಿದ ಕ್ರಮವೇ ಬೇರೆ. ಟೇಪಿನ ಯಂತ್ರದಿಂದ ನೇರವಾಗಿ ತಂತಿ ಜೋಡಿಸಿ, ಸೆಕೆಂಡಿಗೆ 96,000 ಸಲ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದು, ಏನನ್ನೂ ಕತ್ತರಿಸದ ವೇವ್ ಫೈಲಾಗಿ ಇಡುತ್ತಾರೆ. ಹೀಗೆ ಮಾಡಿದರೆ ಎರಡು ಚಾನೆಲ್‌ನ ಒಂದು ಗಂಟೆಯ ಹಾಡಿಗೆ ಸುಮಾರು 2 ಜಿಬಿ ಬೇಕು. ಒಂದು ಗಂಟೆಯ ನೂರು ಕ್ಯಾಸೆಟ್ಟಿಗೆ 200 ಜಿಬಿ, ಅಂದರೆ ಜೇಬಿನಲ್ಲಿ ಹಿಡಿಸುವ ಡಿಸ್ಕು ಸಾಕು. ಜಾಗ ಇವತ್ತು ಅಗ್ಗ. ದುಬಾರಿಯಾದದ್ದು ಮನುಷ್ಯರ ದುಡಿಮೆ. ನೂರು ಗಂಟೆಯ ಟೇಪನ್ನು ನೂರು ಗಂಟೆ ಓಡಿಸಲೇಬೇಕು. ಆಮೇಲೆ ಅದನ್ನು ಕೇಳಿ, ಹಾಡಿದ್ದು ಯಾರು, ಯಾವ ಊರು, ಯಾವ ಸಂದರ್ಭ, ಯಾವ ಭಾಷೆ ಎಂದು ಬರೆಯುವುದಕ್ಕೆ ಅದರ ಹಲವು ಪಟ್ಟು ಹೊತ್ತು ಹಿಡಿಯುತ್ತದೆ.

ಈ ಕೊನೆಯ ಭಾಗಕ್ಕೆ ಮೆಟಾಡೇಟಾ ಎನ್ನುತ್ತಾರೆ. ಇದಿಲ್ಲದ ಕ್ಯಾಸೆಟ್ಟು ಹೆಸರಿಲ್ಲದ ಅನಾಥ ದನಿ. ಕೋಲಾರದಲ್ಲಂತೂ ಇದು ನಾಜೂಕಿನ ಕೆಲಸ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗಿನಲ್ಲಿ ಶುರುವಾದ ಹಾಡು ನಡುವೆ ಕನ್ನಡಕ್ಕೆ ಹೊರಳುತ್ತದೆ. ಮಾಲೂರಿನಾಚೆ, ಕೆಜಿಎಫ್‌ನಲ್ಲಿ ತಮಿಳು ಸೇರುತ್ತದೆ. ಕೋಲಾರ ಪೇಟೆಯಲ್ಲಿ ದಖನಿಯೂ ಉಂಟು. ಕಂಪ್ಯೂಟರಿನ ಅರ್ಜಿ ನಮೂನೆಯಲ್ಲಿ ಭಾಷೆಗೆಂದು ಒಂದೇ ಖಾನೆ ಇಟ್ಟರೆ ಈ ಸೀಮೆಯ ನಿಜವಾದ ಬದುಕೇ ಅದರಲ್ಲಿ ಹಿಡಿಸುವುದಿಲ್ಲ. ಅದನ್ನು ತುಂಬಲು ಊರಿನ ಕಿವಿಯೇ ಬೇಕು, ದೂರದ ನಗರದ ತಂತ್ರಜ್ಞರಿಂದ ಆಗುವ ಕೆಲಸವಲ್ಲ.

ಅಕ್ಷರದ ಕಥೆಯೂ ಹೀಗೆಯೇ. 1990ರ ದಶಕದಿಂದ ಈಚೆಗೆ ಎಷ್ಟೋ ಕನ್ನಡ ಪ್ರಬಂಧಗಳು, ಹಾಡುಗಳ ಸಂಗ್ರಹಗಳು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದವು. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಗೀಚು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221, ಜಗತ್ತಿನ ಎಲ್ಲ ಕಂಪ್ಯೂಟರಿಗೂ ಅದೇ. ಆದರೂ ನಮ್ಮ ವಿಶ್ವವಿದ್ಯಾಲಯಗಳು ಹಳೆಯ ಫಾಂಟ್ ಬಿಡಲು ಬಹುಕಾಲ ತಡಮಾಡಿದವು. ಪಿಎಚ್‌.ಡಿ. ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಇಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ್ದರಿಂದ ಶೋಧಗಂಗಾ ಎಂಬ ದೊಡ್ಡ ಭಂಡಾರ ಬೆಳೆಯಿತು, ಒಳ್ಳೆಯದಾಯಿತು. ಆದರೆ ಹಳೆಯ ಫಾಂಟಿನ ಕನ್ನಡ ಪ್ರಬಂಧ ಅಲ್ಲಿದ್ದರೂ ಅದರೊಳಗಿನ ಪದವನ್ನು ಹುಡುಕುವ ಯಂತ್ರಕ್ಕೆ ಅದು ಕುರುಡು ಪುಟ. ಸೀತಿ ಬೆಟ್ಟದ ಬಗ್ಗೆ ಕನ್ನಡದಲ್ಲಿ ಬರೆದವರಿದ್ದರೂ ಹುಡುಕಿದಾಗ ಥರ್ಸ್ಟನ್ನೇ ಮೊದಲು ಸಿಗುವುದಕ್ಕೆ ಇದೂ ಒಂದು ಕಾರಣ. ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ತಿರುಗಿಸುವ ಉಚಿತ ತಂತ್ರಾಂಶಗಳು ಇವೆ. ಮಾರ್ಗದರ್ಶಕರು ಮನಸ್ಸು ಮಾಡಿದರೆ ತಮ್ಮ ವಿದ್ಯಾರ್ಥಿಗಳ ಕೃತಿಗಳಿಗೆ ಮರುಜೀವ ಬರುತ್ತದೆ.

ಇನ್ನು ಪ್ರತಿಗಳ ವಿಚಾರ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಕೊಡಗಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು, ಆ ಊರಿಗೆ ಪುಸ್ತಕದಲ್ಲಿ ರಾಂಪುರ ಎಂಬ ಹೆಸರಿಟ್ಟರು. ವರ್ಷಗಟ್ಟಲೆ ಕೂತು ವಿಂಗಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳನ್ನೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ಅಧ್ಯಯನ ಕೇಂದ್ರಕ್ಕೆ ಒಯ್ದಿದ್ದರು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕೇಂದ್ರಕ್ಕೆ ಬೆಂಕಿ ಇಟ್ಟರು. ಮೂರೂ ಪ್ರತಿಗಳು ಒಂದೇ ಕೋಣೆಯಲ್ಲಿದ್ದವು, ಮೂರೂ ಸುಟ್ಟವು. ಕ್ಷೇತ್ರದಲ್ಲಿ ಬರೆದ ಮೂಲ ಟಿಪ್ಪಣಿಗಳು ದೆಹಲಿಯಲ್ಲಿದ್ದ ಕಾರಣ ಉಳಿದವು. ಶ್ರೀನಿವಾಸ್ ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಅವರ ನೆನಪಿನ ಶಕ್ತಿಯನ್ನು ಎಲ್ಲರೂ ಹೊಗಳುತ್ತಾರೆ. ಅಷ್ಟೇ ಮುಖ್ಯವಾಗಿ ಗಮನಿಸಬೇಕಾದ್ದು, ಒಂದೇ ಕಡೆ ಇಟ್ಟ ಮೂರು ಪ್ರತಿಗಳು ಒಂದು ಪ್ರತಿಗೆ ಸಮವಾದದ್ದನ್ನು.

ಡಿಜಿಟಲ್ ಸಂಗ್ರಹಕಾರರ ನಿಯಮ ಇದಕ್ಕೆ ಸರಿಯಾಗಿ ಹೊಂದುತ್ತದೆ: ಕನಿಷ್ಠ ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದಾದರೂ ಬೇರೆ ಊರಿನಲ್ಲಿ. ಪ್ರತಿಗಳು ಕೆಡದೆ ಇವೆಯೇ ಎಂದು ತಿಳಿಯಲು ಪ್ರತಿ ಫೈಲಿಗೂ ಗಣಿತದ ಲೆಕ್ಕದಿಂದ 64 ಚಿಹ್ನೆಗಳ ಒಂದು ಗುರುತು ತೆಗೆದು ಬರೆದಿಡುತ್ತಾರೆ. ಹತ್ತು ವರ್ಷದ ಮೇಲೆ ಅದೇ ಲೆಕ್ಕ ಮಾಡಿ ನೋಡಿದಾಗ ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಗುರುತು ಪೂರ್ತಿ ಬೇರೆಯಾಗಿ ಬರುತ್ತದೆ.

ದೊಡ್ಡ ಸಂಸ್ಥೆಗೆ ಒಪ್ಪಿಸಿದರೆ ನಿಶ್ಚಿಂತೆ ಎಂದುಕೊಳ್ಳುವಂತೆಯೂ ಇಲ್ಲ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ಕರ್ನಾಟಕವೂ ಸೇರಿ ದಕ್ಷಿಣ ಭಾರತದಲ್ಲಿ ಹಾಡು, ಕುಣಿತ, ಆರಾಧನೆಗಳನ್ನು ಮುದ್ರಿಸಿಕೊಂಡಿದ್ದ. ಬಾಕೆಯ ಮುದ್ರಿಕೆಗಳನ್ನು ಇಟ್ಟುಕೊಂಡಿರುವ ಬ್ರಿಟಿಷ್ ಲೈಬ್ರರಿಯ ಮೇಲೆ 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿ ನಡೆದು, ಅದರ ಆನ್‌ಲೈನ್ ಧ್ವನಿ ಸಂಗ್ರಹ ದೀರ್ಘಕಾಲ ಯಾರಿಗೂ ಸಿಗದಂತಾಯಿತು. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತ ಸಂಗ್ರಹಾಲಯದಂಥ ಕಡೆ ನಮ್ಮ ದೇಶದಲ್ಲೂ ಪ್ರತಿಗಳು ಇರಬೇಕಾದ್ದು ಅದಕ್ಕೇ.

ಬಾಕೆಯ ಸಂಗ್ರಹದ ಎರಡನೇ ಅಧ್ಯಾಯ ಇನ್ನೂ ಅರ್ಥಪೂರ್ಣ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ದಂಪತಿ ಆ ಮುದ್ರಿಕೆಗಳನ್ನು ಹಿಡಿದು ಕರ್ನಾಟಕ, ಕೇರಳ, ತಮಿಳುನಾಡುಗಳ ಅವೇ ಊರುಗಳಿಗೆ ಹೋದರು. 46 ವರ್ಷಗಳಲ್ಲಿ ಏನು ಉಳಿಯಿತು, ಏನು ಬದಲಾಯಿತು ಎಂದು ಹಾಡಿದವರ ಜೊತೆಗೇ, ಅವರ ಮಕ್ಕಳು ಮೊಮ್ಮಕ್ಕಳ ಜೊತೆಗೇ ಕೂತು ನೋಡಿದರು. ಸಂಶೋಧನೆ ಹಂಚುವುದು ಎಂದರೆ ಇದು. ಹಣ ಕೊಟ್ಟವರಿಗಷ್ಟೇ ತೆರೆಯುವ ವಿದೇಶಿ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧಕ್ಕೆ ವಿದ್ವತ್ ವಲಯದಲ್ಲಿ ಮಾನ್ಯತೆ ಸಿಗಬಹುದು. ಹಾಡು ಕೊಟ್ಟ ಮನೆಗೆ ಅದು ತಲುಪುವುದಿಲ್ಲ. ಅಮೆರಿಕದ ಪ್ರಮುಖ ಮಾನವಶಾಸ್ತ್ರ ಪತ್ರಿಕೆಗಳಲ್ಲೊಂದಾದ ‘ಕಲ್ಚರಲ್ ಆಂಥ್ರಪಾಲಜಿ’ 2014ರಿಂದ ಎಲ್ಲರಿಗೂ ಮುಕ್ತವಾಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಸಾರ್ವಜನಿಕರ ಹಣದಲ್ಲಿ ನಡೆದ ಅಧ್ಯಯನ ಸಾರ್ವಜನಿಕರಿಗೆ ಕನ್ನಡದಲ್ಲಿ ಸಿಗಬೇಕು ಎಂಬುದರಲ್ಲಿ ನನಗೆ ಎರಡನೇ ಮಾತಿಲ್ಲ.

ಹಾಗೆಂದು ಎಲ್ಲವನ್ನೂ ಎಲ್ಲರ ಮುಂದೆ ಹರಡಬೇಕೇ? ಸಾವಿನ ಮನೆಯಲ್ಲಿ ಹಾಡಿದ್ದನ್ನು ಯಾರೋ ರಿಂಗ್‌ಟೋನ್ ಮಾಡಿಕೊಂಡರೆ? ಹೆಂಗಸರು ಹೆಂಗಸರ ನಡುವೆಯೇ ಹೇಳಿಕೊಂಡ ಮಾತು, ಜಾತಿ ಜಗಳದಲ್ಲಿ ನೊಂದವರ ಹೇಳಿಕೆ ಹೆಸರು ಸಮೇತ ಆನ್‌ಲೈನ್ ಆದರೆ? 1985ರ ಕ್ಯಾಸೆಟ್ಟಿಗೆ ಹಾಡಿದ ಅಜ್ಜಿ ಒಪ್ಪಿಗೆ ಕೊಟ್ಟದ್ದು ಎದುರಿಗೆ ಕೂತಿದ್ದ ಮೇಷ್ಟ್ರಿಗೆ, ಇಡೀ ಲೋಕಕ್ಕಲ್ಲ. ಆಸ್ಟ್ರೇಲಿಯಾದ ಟೆನೆಂಟ್ ಕ್ರೀಕ್‌ನ ವರುಮುಂಗು ಜನ ಈ ತೊಡಕನ್ನು ಬಿಡಿಸಿದ ರೀತಿ ನನಗೆ ಬಹಳ ಹಿಡಿಸಿದೆ. ಸಂಶೋಧಕಿ ಕಿಮ್ ಕ್ರಿಸ್ಟನ್ ಜೊತೆ ಸೇರಿ ಅವರು ರೂಪಿಸಿದ ‘ಮುಕುರ್ತು’ ಎಂಬ ಉಚಿತ ತಂತ್ರಾಂಶದಲ್ಲಿ ಯಾವ ದಾಖಲೆಯನ್ನು ಯಾರು ನೋಡಬಹುದು ಎಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ಕೆಲವು ಎಲ್ಲರಿಗೂ, ಕೆಲವು ಬಂಧುಗಳಿಗೆ, ಕೆಲವು ಹೆಂಗಸರಿಗೆ ಮಾತ್ರ. ತೀರಿಕೊಂಡವರ ಚಿತ್ರ ಕಾಣುವ ಮುನ್ನ ಎಚ್ಚರಿಕೆ ಬರುತ್ತದೆ. ಉಳಿಸುವುದು ಬೇರೆ, ಬಯಲಿಗಿಡುವುದು ಬೇರೆ ಎಂದು ತಿಳಿದು ಮಾಡಿದ ಏರ್ಪಾಡು ಅದು.

ಕೋಲಾರಕ್ಕೆ ಇಂಥದೊಂದು ಭಂಡಾರ ಅಸಾಧ್ಯವೇನಲ್ಲ. 2017ರಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಕೋಲಾರದ ಟಮಕದಲ್ಲಿದೆ. ಅಂತರಗಂಗೆ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಇದೆ, ಅಲ್ಲಿ ಹಾಡಿಗೂ ನಾಟಕಕ್ಕೂ ನೆಲೆಯಿದೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳದಲ್ಲಿ ದುಡಿದವರಲ್ಲಿ ಬದುಕಿರುವವರಿಗೆ ವಯಸ್ಸಾಗುತ್ತಿದೆ. ಅವರ ಮಾತನ್ನು ಅವರ ತಮಿಳಿನಲ್ಲಿ, ತೆಲುಗಿನಲ್ಲಿ ಈಗಲೇ ಮುದ್ರಿಸಿಕೊಳ್ಳದಿದ್ದರೆ ಮುಂದೆ ಗಣಿ ಕಂಪನಿಯ ವರದಿಗಳನ್ನೇ ಇತಿಹಾಸ ಎಂದು ಓದಬೇಕಾಗುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಾಡು, ಕಥೆ, ಜಾತ್ರೆಯ ಮಾತು ತುಂಬಿದ ಹಳೆಯ ಕ್ಯಾಸೆಟ್ಟಿದ್ದರೆ ಕುತೂಹಲಕ್ಕೆಂದು ಹಳೆಯ ಪ್ಲೇಯರಿಗೆ ಹಾಕಬೇಡಿ. ಒಣಗಿದ, ತಂಪಾದ ಕಡೆ ಇಟ್ಟು, ತಿಳಿದವರ ಕೈಯಲ್ಲಿ ಒಮ್ಮೆ ಓಡಿಸಿ. ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಂಡು, ಹಾಡಿದವರ ಹೆಸರು, ಊರು, ವರ್ಷ, ಸಂದರ್ಭ, ಅದನ್ನು ಯಾರಿಗೆ ಕೇಳಿಸಬಹುದು ಎಂದು ಅವರು ಅಥವಾ ಅವರ ಮನೆಯವರು ಹೇಳುತ್ತಾರೆ ಎಂಬುದನ್ನು ಬರೆದು ಕ್ಯಾಸೆಟ್ಟಿನ ಜೊತೆಗಿಡಿ. ಈ ಕೆಲಸಕ್ಕೆ ಯಾವ ಯಂತ್ರವೂ ಬೇಡ, ಇವತ್ತೇ ಮಾಡಬಹುದು.